ತಗ್ಗಿಸಿದ ಗದ್ದ

ದರ್ಜಿಯಮ್ಮನ ಪ್ರಾಯದ ಫೋಟೋ ಅಂತ ಮನೆಯಲ್ಲಿದ್ದದ್ದು ಒಂದೇ. ಅದೂ ಹಳೆಯ ವಾರಪತ್ರಿಕೆಯಲ್ಲಿ ಬಂದ ಜಾಹೀರಾತು, ಮುಖಕ್ಕೆ ಹಚ್ಚುವ ಕ್ರೀಮಿನದು. ಎಡಗಡೆ ‘ಮೊದಲು’ ಎಂದು ಪಕ್ಕಕ್ಕೆ ತಿರುಗಿದ ಇವಳ ಕಪ್ಪು ಮುಖ. ಬಲಗಡೆ ‘ಆಮೇಲೆ’ ಎಂದು ಯಾರೋ ಬೆಳ್ಳಗಿನವಳು. ಓದಿದವರಿಗೆ ಇಬ್ಬರೂ ಒಬ್ಬಳೇ. "ಗದ್ದ ತಗ್ಗಿಸಮ್ಮ, ಮುಖ ಇನ್ನೂ ಕಪ್ಪಗೆ ಕಾಣ್ಲಿ" ಎಂದಿದ್ದ ಫೋಟೋ ತೆಗೆದವನು. ತಗ್ಗಿಸಿದ್ದಳು. ಅಲ್ಲಿಂದಾಚೆ ಬೀದಿಗಿಳಿದರೆ ಸಾಕು, "ಏನಮ್ಮಾ, ಕ್ರೀಮು ಇನ್ನೂ ಹತ್ತಲಿಲ್ವಾ?" ಎಂಬ ಕುಹಕ. ಪುಟವನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದ್ದಳು. ಎಸೆಯಲು ಮಾತ್ರ ಕೈ ಬಂದಿರಲಿಲ್ಲ.

ಮಗಳು ಕಲಾವಿದೆ. ಹಳೆಯ ಜಾಹೀರಾತುಗಳನ್ನು ಕತ್ತರಿಸಿ, ಬೇರೆ ಥರ ಜೋಡಿಸಿ, ಕಪ್ಪು ಯಾಕೆ ಕೀಳು, ಬಿಳಿ ಯಾಕೆ ಮೇಲು ಎಂದು ಕೇಳುವ ಚಿತ್ರ ಮಾಡುವವಳು. ಒಂದು ದಿನ ಆ ಪುಟ ಅವಳ ಕೈಗೆ ಸಿಕ್ಕಿತು.

"ಅಮ್ಮಾ, ಇದನ್ನ ಕತ್ತರಿಸ್ಲಾ?"

"ಇರೋದೇ ಒಂದು ಕಣೇ. ಹಾಳಾದ್ರೆ? ಬಟ್ಟೆಯಾದ್ರೆ ತೇಪೆ ಹಾಕ್ಬಹುದು. ಜೆರಾಕ್ಸ್ ಮಾಡ್ಕೋ."

"ಜೆರಾಕ್ಸಲ್ಲಿ ಈ ಬಣ್ಣ ಬರಲ್ಲಮ್ಮ. ಇಲ್ನೋಡು."

ಮಗಳು ಪುಟದ ಮೇಲೆ ಭೂತಗನ್ನಡಿ ಹಿಡಿದಳು. ಕಪ್ಪು ಕಪ್ಪು ಎಂದು ಜನ ಆಡಿಕೊಂಡ ಆ ಕೆನ್ನೆಯ ತುಂಬ ಕೆಂಪು, ನೀಲಿ, ಹಳದಿ ಅಚ್ಚಿನ ಚುಕ್ಕೆಗಳು!

"ಅಯ್ಯೋ, ಇಷ್ಟೊಂದು ಬಣ್ಣಾನಾ?"

ಗುಂಡಿ ಹಚ್ಚುತ್ತ ಕೂತಿದ್ದ ನಾದಿನಿ, "ಕೊಡಿ ಅತ್ತಿಗೆ, ಇನ್ನೆಷ್ಟು ದಿನ ಜಿರಲೆಗಳಿಗೆ ಮುಖ ತೋರಿಸ್ತೀರಿ?" ಎಂದಳು.

ಅಮ್ಮ ತನ್ನ ಸಣ್ಣ ಕತ್ತರಿಯನ್ನೇ ಕೊಟ್ಟಳು. ಬಾಯಿ ಮೊಂಡಾಗುತ್ತದೆಂದು ಕಾಗದ ಕತ್ತರಿಸಲು ಯಾರಿಗೂ ಕೊಡದ ಕತ್ತರಿ ಅದು. ಮಗಳು ಕೂದಲಿನ ಅಂಚು ಹಿಡಿದು, ಹಣೆ ಮೂಗು ದಾಟಿ, ಕುತ್ತಿಗೆಗಿಳಿದಳು. ಮೂಗಿನ ತುದಿಯಲ್ಲಿ ಕತ್ತರಿ ತಿರುಗುವಾಗ ಅಮ್ಮ ಕಣ್ಣು ಮುಚ್ಚಿಕೊಂಡಳು.

ತೆರೆದಾಗ ಮುಖ ಬಿಡಿಯಾಗಿತ್ತು, ಗೀರೂ ಇರಲಿಲ್ಲ. ಮಗಳು ಅದಕ್ಕೆ ಬಣ್ಣ ಬಳಿಯಲಿಲ್ಲ, ಬೇರೇನೂ ಸೇರಿಸಲಿಲ್ಲ. ಖಾಲಿ ಹಾಳೆಯ ಮೇಲಿಟ್ಟು, ಗಡಿಯಾರದ ಮುಳ್ಳು ಸರಿಸುವಂತೆ ತುಸುವೇ ತಿರುಗಿಸಿದಳು.

ಗದ್ದ ಎದ್ದಿತು. ನೆಲ ನೋಡುತ್ತಿದ್ದ ಕಣ್ಣು ದೂರದಲ್ಲೇನನ್ನೋ ನೋಡತೊಡಗಿತು. ಅದೇ ಮುಖ, ಅದೇ ಕಪ್ಪು. ರಾಣಿಯ ಹಾಗೆ ನಿಂತಿತ್ತು. ನಾದಿನಿ ಗುಂಡಿ ಬದಿಗಿಟ್ಟು ಹತ್ತಿರ ಬಂದಳು.

"ನಂಗೆ ಇಷ್ಟು ಉದ್ದ ಕತ್ತಿತ್ತಾ?" ಎಂದಳು ಅಮ್ಮ, ಮೆಲ್ಲಗೆ.

ಊರವರ ಕತ್ತಿನ ಅಳತೆ ತೆಗೆದವಳು ತನ್ನದನ್ನು ಎಂದೂ ನೋಡಿಕೊಂಡಿರಲಿಲ್ಲ. ಕೊರಳಲ್ಲಿ ಜೋತಿದ್ದ ಟೇಪನ್ನು ತೆಗೆದು ಪಕ್ಕಕ್ಕಿಟ್ಟು, ಹಾಳೆಯ ಮೇಲಿನ ಆ ಮುಖವನ್ನು ಮತ್ತೆ ನೋಡಿದಳು.