ಗರಗಸಕ್ಕೆ ಕೊಟ್ಟ ಮಂಚ

ಮಂಚವನ್ನು ಕೊಯ್ಸಿ ತುಂಡು ತುಂಡು ಮಾಡಿಸಿದೆ. ಅಪ್ಪಟ ಸಾಗವಾನಿ. ಗೆದ್ದಲು ಹಿಡಿದಿರಲಿಲ್ಲ, ಒಂದು ಕಾಲೂ ಅಲುಗಾಡುತ್ತಿರಲಿಲ್ಲ. ಅದು ಮಾಡಿದ ತಪ್ಪೇನು? ನಮ್ಮ ಅತ್ತೆ ಅದರ ಮೇಲೆ ಸತ್ತದ್ದು.

ಸತ್ತವರ ಮಂಚ ಮನೆಯಲ್ಲಿರಬಾರದಂತೆ. ಯಾರಂದರು? ಎಲ್ಲರೂ. ಹುಬ್ಬಳ್ಳಿಯ ನಾದಿನಿಯಂತೂ ದಿನಕ್ಕೆರಡು ಸಲ ವಿಡಿಯೋ ಕಾಲ್ ಮಾಡಿ, ತೆಗೆಸಿದಿರೋ ಇಲ್ಲವೋ ಎಂದು ವಿಚಾರಿಸುತ್ತಿದ್ದಳು. (ಬಳಸಿ ಬಿಸಾಡುವ ಚಟ ಬಿಡಿ ಎಂದು ಇದೇ ಅಂಕಣದಲ್ಲಿ ನಿಮಗೆ ಉಪದೇಶ ಮಾಡಿದವಳು ನಾನೇ. ಮರೆತಿದ್ದರೆ ಉಪಕಾರ.)

ಕೊಯ್ಯಲು ಕರೆಸಿದ್ದು ಮೌನೇಶನನ್ನು. ವಿಜಯಪುರದ ಕಡೆಯ ಬಡಗಿ. ಮುಂಬೈ ಹತ್ತಿರ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಯಾರ ಬಾಗಿಲು ಬಿಗಿಯಾದರೂ ಮುಂಬ್ರಾದಿಂದ ಲೋಕಲ್ ರೈಲು ಹಿಡಿದು ಬರುವವ. ಮಂಚದ ಮೇಲೆ ಅಂಗೈ ಆಡಿಸಿದ. ಗರಗಸ ಎತ್ತಿಕೊಳ್ಳಲಿಲ್ಲ.

“ಅಕ್ಕಾರ, ಇದನ್ನ ನನಗ ಕೊಡ್ರಿ. ಹೆಂಡ್ತಿ ಬಾಣಂತಿ ಅದಾಳ. ಮಳಿ ಜೋರಾತಂದ್ರ ಖೋಲಿಯೊಳಗ ನೀರು ಬರ್ತದ. ತಾಯಿ, ಕೂಸು ನೆಲದ ಮ್ಯಾಲ ಮಲಗ್ತಾರ.”

ಹೆಣ ಇಳಿಸಿದ ಮಂಚದ ಮೇಲೆ ಹಸುಗೂಸೇ? ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಬೇಡ ಎಂದೆ. ಹಲಗೆ ಬಿಚ್ಚಿ ಬೇರೆ ಥರ ಜೋಡಿಸಿಕೊಳ್ಳುತ್ತೇನೆ, ಗುರುತೇ ಸಿಗುವುದಿಲ್ಲ ಎಂದು ಮತ್ತೆ ಕೇಳಿದ. ನಾನು ಜಗ್ಗಲಿಲ್ಲ. ಮತ್ತೆ ಜೋಡಿಸಲು ಬಾರದಷ್ಟು ಸಣ್ಣಗೆ ಕೊಯ್ಯಿ ಅಂದೆ.

ಕೊಯ್ದ. ಎಲ್ಲಿ ನಾಲ್ಕು ತುಂಡು ಚೀಲಕ್ಕೆ ಹಾಕಿಕೊಂಡು ಬಿಡುತ್ತಾನೋ ಎಂದು ಕಸದ ಗಾಡಿ ಬರುವವರೆಗೆ ಕೆಳಗೇ ಕಾವಲು ನಿಂತೆ. ನಾಚಿಕೆಯಾಗಬೇಕು ನನಗೆ.

ನಮ್ಮ ಸೊಸೈಟಿಗಳ ಗೇಟಿನ ಬಳಿ ಒಮ್ಮೆ ಕಣ್ಣಾಡಿಸಿ. ಹಳೆಯ ಕಪಾಟು, ಬಾಗಿಲ ಚೌಕಟ್ಟು, ದಿವಾನ. ಒಂದಕ್ಕೆ ಅಪಶಕುನ, ಇನ್ನೊಂದಕ್ಕೆ ವಾಸ್ತು, ಉಳಿದದ್ದೆಲ್ಲ ಹೊಸ ಇಂಟೀರಿಯರ್‌ಗೆ ಮ್ಯಾಚ್ ಆಗುವುದಿಲ್ಲ. ಎಲ್ಲ ನೇರ ಡಂಪಿಂಗ್ ಗ್ರೌಂಡಿಗೆ. ಬೇಡ ಎನ್ನಲು ನಮಗೆ ಕಾರಣಗಳು ಕಡಿಮೆಯೇ?

ಹೋದ ವಾರದ ಮಳೆ ನಿಮಗೂ ಗೊತ್ತಲ್ಲ. ಲೋಕಲ್ ನಿಂತಿತು, ನಾವು ಮನೆಯಲ್ಲಿ ಕೂತು ಭಜಿ ಕರಿದು ತಿಂದೆವು. ನೆನೆದು ಉಬ್ಬಿದ ಬಾತ್‌ರೂಮ್ ಬಾಗಿಲು ಮುಚ್ಚದಾದಾಗ ಮೌನೇಶನಿಗೆ ಫೋನ್ ಮಾಡಿದೆ. ಬರಲಾಗುವುದಿಲ್ಲ, ಆಸ್ಪತ್ರೆಯಲ್ಲಿದ್ದೇನೆ ಎಂದ. ಅವರಿರುವ ಒಂದೇ ಕೋಣೆಯ ಖೋಲಿಗೆ ಗೇಣುದ್ದ ನೀರು ಬಂದಿತ್ತಂತೆ. ಹಾಸಿಗೆ, ದುಪ್ಪಟಿ ಎಲ್ಲ ತೊಯ್ದು, ನೀರಿಳಿಯುವವರೆಗೆ ಅವನ ಹೆಂಡತಿ ಒದ್ದೆ ಸೀರೆಯಲ್ಲೇ ಕೂಸನ್ನೆತ್ತಿಕೊಂಡು ನಿಂತಿದ್ದಳಂತೆ. ಗೇಣುದ್ದ ನೀರಿಗೆ ಒಂದು ಮಂಚದ ಎತ್ತರ ಧಾರಾಳ ಸಾಕಿತ್ತು.

“ಕೂಸಿಗೆ ನ್ಯುಮೋನಿಯಾ ಅಂತ್ರಿ. ಆಕ್ಸಿಜನ್ ಹಚ್ಚ್ಯಾರ. ಡಾಕ್ಟರ್ ಏನೂ ಹೇಳವಲ್ರು. ನಿಮ್ಮ ಬಾಗಲಾ ಆಮ್ಯಾಲ ನೋಡೂಣ್ರಿ ಅಕ್ಕಾರ.”

ಮಂಚದ ಮಾತೇ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇದನ್ನು ಬರೆಯುವ ಹೊತ್ತಿಗೂ ಕೂಸು ಆಸ್ಪತ್ರೆಯಲ್ಲೇ ಇದೆ. ಗಳಿಗೆಗೊಮ್ಮೆ ಫೋನ್ ನೋಡುತ್ತಿದ್ದೇನೆ. ನಾನಾಗಿ ಮಾಡಲು ಧೈರ್ಯವಿಲ್ಲ.

ಅತ್ತೆ ಆ ಮಂಚದ ಮೇಲೆ ಸತ್ತದ್ದು ಒಂದೇ ಒಂದು ಬೆಳಗ್ಗೆ. ಅದಕ್ಕೂ ಮುಂಚೆ ನಲವತ್ತು ವರ್ಷ ಅದರ ಮೇಲೆ ಬೆಚ್ಚಗೆ ಮಲಗಿ ಎದ್ದದ್ದು ನನಗೆ ಯಾಕೆ ನೆನಪಾಗಲಿಲ್ಲ?