ಸೋದರಮಾವನ ಒಪ್ಪಿಗೆ

ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ಜಗದಾಂಬ ಟೀಚರ್ ಮನೆಯಲ್ಲಿ ಸಿಗುವುದಿಲ್ಲ. ರಾಂಪುರದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಅವರು ಆಗ ಮಕ್ಕಳ ಮನೆಗಳನ್ನು ಸುತ್ತುತ್ತಾರೆ. ಯಾರು ಪಿಯುಸಿಗೆ, ಯಾರು ಡಿಪ್ಲೊಮಾಗೆ, ಯಾರಿಗೆ ಐಟಿಐ ಒಗ್ಗುತ್ತದೆ ಎಂದು ಕೂತು ಹೇಳುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಅವರದೇ ಒಂದು ದಾರಿ. ಅಪ್ಪನಿಗಿಂತ ಮೊದಲು ಸೋದರಮಾವನನ್ನು ಕಾಣುವುದು. ತವರಿನವರು ಹೂಂ ಎಂದರೆ ತಾಯಿಗೆ ಬಲ ಬರುತ್ತದೆ. ತಾಯಿ ಗಟ್ಟಿಯಾದರೆ ಅಪ್ಪ ಮೆತ್ತಗಾಗುತ್ತಾನೆ. ಹೀಗೆ ಎಷ್ಟೋ ಹುಡುಗಿಯರು ಚಳ್ಳಕೆರೆಯ ಬಸ್ಸು ಹತ್ತಿದ್ದರು.

ಈ ಸಲ ಸೌಂದರ್ಯ. ಶಾಲೆಗೇ ಮೊದಲು ಬಂದವಳು. ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದು ಸೈನ್ಸ್ ಓದುವ ಆಸೆ. ಟೀಚರ್ ನೇರ ಗೌರಸಮುದ್ರಕ್ಕೆ, ಅವಳ ಮಾವ ಮಾರುತೇಶನ ಮನೆಗೆ ಹೋದರು. ಟ್ರ್ಯಾಕ್ಟರ್ ಓಡಿಸುವ ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ.

"ನಾನೇನು ಹೇಳ್ಲಿ ಟೀಚರ್ರೇ, ನಾನೇ ಎಸ್ಸೆಸ್ಸೆಲ್ಸಿ ಫೇಲು," ಎಂದು ನಕ್ಕ.

"ಸೋದರಮಾವ ಅಲ್ವೇನಪ್ಪ. ನೀನು ಒಪ್ಪಿದ್ರೆ ಕಳಿಸ್ತಾರೆ."

"ಓದ್ಲಿ ಬಿಡ್ರಿ. ಯಾರು ಬ್ಯಾಡ ಅಂತಾರೆ?"

ಟೀಚರ್ ಹಗುರಾಗಿ ಹಿಂದಿರುಗಿದರು. ಒಳಗೆ ರೊಟ್ಟಿ ತಟ್ಟುತ್ತಿದ್ದ ಅವನ ತಾಯಿ ಜೋಗಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಆ ಸೋಮವಾರವೇ ಎಲೆ ಅಡಿಕೆ ಹಿಡಿದು, ಮಗನನ್ನೂ ಕರೆದುಕೊಂಡು, ಸೌಂದರ್ಯಳ ತಾಯಿಯಾದ ತನ್ನ ಮಗಳು ನಿಂಗಕ್ಕನ ಮನೆಗೆ ಬಂದಳು.

"ಟೀಚರ್ರೇ ನನ್ನ ಮಗನ ಒಪ್ಪಿಗೆ ಕೇಳಾಕೆ ಬಂದಿದ್ರು. ಸೌಂದರ್ಯ ಯಾರಿಗೆ ಸೇರಿದಾಕಿ ಅಂತ ಅವರಿಗೆ ಗೊತ್ತೈತೆ. ನಿಮಗ್ಯಾಕೆ ಗೊತ್ತಿಲ್ಲ?"

ಹೆತ್ತವ್ವನಿಗೆ ನಿಂಗಕ್ಕ ಎದುರಾಡಲಿಲ್ಲ.

ಸುದ್ದಿ ತಿಳಿದು ಟೀಚರ್ ಬಂದಾಗ ಸೌಂದರ್ಯ ಪಡಸಾಲೆಯಲ್ಲಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು.

"ಹದಿನೆಂಟು ತುಂಬಿದ ಮ್ಯಾಲೆ ಲಗ್ನ ಅಂತೆ ಟೀಚರ್. ಅಲ್ಲೀತನಕ ಮನ್ಯಾಗೇ ಇರ್ಲಿ ಅಂದ್ಲು ಅಜ್ಜಿ."

"ಮಾರುತೇಶ ಏನಂದ?"

"ಮಾವ ಒಳ್ಳೆಯವನೇ. ತಲೆ ಬಗ್ಗಿಸ್ಕಂಡು ಕೂತಿದ್ದ."

"ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ."

ಹುಡುಗಿ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದಳು.

"ಅಪ್ಪ ಮೊದ್ಲೇ ಹೂಂ ಅಂದಿದ್ದ ಟೀಚರ್. ಹಾಸ್ಟೆಲಿಗೆ ಅಂತ ಟ್ರಂಕು ತಂದಿದ್ದ. ನೀವು ಮನೆಗೆ ಬಂದಾಗ ಹೇಳಾಣ ಅಂತ ಕಾಯ್ತಿದ್ವಿ. ಈಗ ಎಲೆ ಅಡಿಕೆ ತಗಂಡಾನೆ. ಮಾತು ತಪ್ಪಾಕಿಲ್ಲ."

ಟ್ರಂಕು ಬಾಗಿಲ ಪಕ್ಕದಲ್ಲೇ ಇತ್ತು. ಮುಚ್ಚಳ ತೆರೆದು, ಸುಲಿದ ಬೀಜವನ್ನು ಅದಕ್ಕೇ ತುಂಬುತ್ತಿದ್ದರು. ನಿಂಗಕ್ಕ ಚಹಾ ತಂದಿಟ್ಟಳು, ಟೀಚರ ಮುಖ ನೋಡಲಿಲ್ಲ. ಸೌಂದರ್ಯ ಇನ್ನೊಂದು ಹಿಡಿ ಬೀಜ ಟ್ರಂಕಿಗೆ ಸುರಿದಳು.