ಮೊಣಕಾಲುದ್ದ ನೀರಿನ ಪಾಠ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೈಸ್ಕೂಲಿನ ಅಟೆಂಡರ್ ಪ್ಯಾಂಟು ಮಡಚಿಕೊಂಡು ನದಿಗಿಳಿಯುತ್ತಾರೆ. ಕೈಯಲ್ಲಿ ಅಡಿಗೊಂದು ಕೆಂಪು ಗೆರೆ ಬಳಿದ ಉದ್ದನೆಯ ಬಿದಿರಿನ ಕೋಲು. ದಡದ ಬಳಿ ಊರಿದರೆ ಎರಡಡಿ. ಅಲ್ಲೇ ಕೈಚಾಚಿ ಆಚೆ ಊರಿದರೆ ಹದಿನಾಲ್ಕು. ಹೀಗೆ ಏಳು ಕಡೆ ಅಳೆದು, ಆಳವಿರುವಲ್ಲಿ ಅಡ್ಡ ಹಗ್ಗ ಕಟ್ಟಿದ ಮೇಲೆಯೇ ಅವರು ಮಕ್ಕಳನ್ನು ಕರೆತರಲು ಹೋಗುವುದು. ಮಕ್ಕಳ ಬಾಯಲ್ಲಿ ಅವರು ‘ಅಳತೆ ಮಾವ’.

ಶನಿವಾರ ಬೆಳಗಿನ ಈ ಪಾಠಕ್ಕೆ ಪುಸ್ತಕದಲ್ಲಿರುವ ಹೆಸರು ಸುಸ್ಥಿರ ಅಭಿವೃದ್ಧಿ. “ಆ ಪದ ನನ್ನ ನಾಲಿಗೇಲಿ ಹೊರಳಲ್ಲ, ಅದನ್ನ ಮೇಡಂ ಹೇಳ್ಲಿ,” ಎಂದು ವಿಜ್ಞಾನದ ಟೀಚರ್ ಕಡೆ ಕೈ ತೋರಿಸಿ, ದಡದಲ್ಲಿ ಗೂಟ ನೆಟ್ಟು ಗುರುತಿಸಿದ ಚೌಕದತ್ತ ನಡೆಯುತ್ತಾರೆ. ಕಳೆದ ಮಳೆಗಾಲದಲ್ಲಿ ನದಿ ಅಲ್ಲಿಗೆ ತಂದು ಹಾಕಿದ ಹೊಸ ಮರಳನ್ನು ಮಕ್ಕಳು ಬುಟ್ಟಿಗೆ ತುಂಬುತ್ತಾರೆ. ಮೂರೇ ಬುಟ್ಟಿಗೆ ಮುಗಿಯುತ್ತದೆ.

“ಈ ಜಾಗಕ್ಕೆ ನದಿ ಒಂದು ವರ್ಷ ದುಡಿದು ತಂದಿದ್ದು ಇಷ್ಟೇ. ಇಷ್ಟೇ ತಗೊಂಡ್ರೆ ಮುಂದಿನ ವರ್ಷ ಮತ್ತೆ ಕೊಡುತ್ತೆ. ನಾವು ಈ ದಡದಿಂದ ದಿನಕ್ಕೆ ಎಂಟು ಲಾರಿ ಎತ್ತುತ್ತಿದ್ವಿ.”

“ಹಾಗಾದ್ರೆ ಮನೆ ಕಟ್ಟೋದೇ ಬೇಡ್ವಾ ಮಾವ?” ಹಿಂದಿನ ಸಾಲಿನ ಹುಡುಗಿ ಕೇಳುತ್ತಾಳೆ.

“ಕಟ್ಬೇಕಮ್ಮ. ಮಳೆ ಬಂದ್ರೆ ನಾನೂ ನೆನೀತೀನಿ. ಆದ್ರೆ ನಾಳೆ ನಿನ್ನ ಮಕ್ಕಳಿಗೂ ಮನೆ ಬೇಕಲ್ಲ? ಅವರ ಪಾಲಿಂದೂ ಇಲ್ಲೇ ಉಳೀಬೇಕು.” ಹುಡುಗಿ ನಾಚುತ್ತಾಳೆ, ಉಳಿದವರು ನಗುತ್ತಾರೆ.

ಇಪ್ಪತ್ತು ವರ್ಷ ಅಳತೆ ಮಾವ ಮರಳು ತುಂಬುವ ಕೂಲಿಯಾಗಿದ್ದರು. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಒಂಬತ್ತು ವರ್ಷದ ಮಗಳು ಅಪ್ಪನಿಗೆ ಬುತ್ತಿ ತಂದಳು. ಅವರು ಆಚೆ ದಡದಲ್ಲಿದ್ದರು. ದಿನಾ ದಾಟುವ ಜಾಗದಲ್ಲೇ ಅವಳು ನೀರಿಗಿಳಿದಳು. ಅಲ್ಲಿ ಮೊಣಕಾಲುದ್ದ ನೀರೆಂದು ಅವಳಿಗೆ ಗೊತ್ತಿತ್ತು. ಹಿಂದಿನ ಸಂಜೆ ಯಂತ್ರ ಬಂದು ಅಲ್ಲಿ ಆಳಕ್ಕೆ ಮರಳು ತೋಡಿ ಹೋಗಿತ್ತು. ಇಲ್ಲಿ ಒಳ್ಳೇ ಮರಳಿದೆ ಎಂದು ಜಾಗ ತೋರಿಸಿದವರು ಅವರೇ.

“ಅವಳು ತಪ್ಪು ಹೆಜ್ಜೆ ಇಡ್ಲಿಲ್ಲ,” ಎನ್ನುತ್ತಾರೆ, ಕೋಲಿನ ಗೆರೆಯನ್ನು ಉಗುರಿನಿಂದ ಕೆರೆಯುತ್ತಾ. “ನಿನ್ನೆ ಇದ್ದ ನೆಲದ ಮೇಲೇ ಕಾಲಿಟ್ಟಳು. ನೆಲ ನಾನು ತೆಗೆಸಿದ್ದೆ.”

ಹೆಂಡತಿ ಬೈಯಲಿಲ್ಲ. ಮಗಳು ಹೋದ ಮೂರನೆಯ ದಿನ ಒಂದೇ ಮಾತು ಕೇಳಿದರು: “ಮಗೂಗೆ ಒಂದು ಮಾತು ಹೇಳಬಾರದಿತ್ತಾ?”

ಅವರು ಮತ್ತೆ ಸಲಿಕೆ ಮುಟ್ಟಲಿಲ್ಲ. ಸಿಕ್ಕ ಕೆಲಸ ಮಾಡುತ್ತಾ ಕೊನೆಗೆ ಈ ಶಾಲೆ ಸೇರಿದರು. ಒಮ್ಮೆ ತರಗತಿಗೆ ಸುತ್ತೋಲೆ ತಂದವರು, ಟೀಚರ್ ನದಿಯ ಪಾಠ ಮಾಡುವುದನ್ನು ಕೇಳುತ್ತಾ ಬಾಗಿಲಲ್ಲೇ ನಿಂತುಬಿಟ್ಟರು. “ಮೇಡಂ, ಇದನ್ನ ನಾನು ಹೇಳ್ಲಾ?” ಟೀಚರ್ ಸೀಮೆಸುಣ್ಣ ಕೆಳಗಿಟ್ಟರು. ಅದಾಗಿ ಆರು ವರ್ಷ. ಇಲ್ಲಿಯವರೆಗೆ ಏಳುನೂರು ಮಕ್ಕಳು ಈ ದಡದಲ್ಲಿ ಕೂತು ಹೋಗಿದ್ದಾರೆ.

ಲಾರಿಗಳು ನಿಂತಿಲ್ಲ, ಎರಡು ಮೈಲಿ ಮೇಲಕ್ಕೆ ಹೋಗಿವೆ, ಅಷ್ಟೇ. ಓಡಿಸುವವರಲ್ಲಿ ಕೆಲವರು ಇದೇ ಮಕ್ಕಳ ಅಪ್ಪಂದಿರು. ಒಬ್ಬರು ಶಾಲೆಗೇ ಬಂದು, ನಮ್ಮ ಅನ್ನಕ್ಕೆ ಕಲ್ಲು ಹಾಕ್ತೀಯಾ ಎಂದು ಕೂಗಾಡಿದ್ದರು. “ಅವರ ಮೇಲೆ ಸಿಟ್ಟಿಲ್ಲ. ಅವತ್ತು ನಾನೂ ಹಾಗೇ ಕೂಗ್ತಿದ್ದೆನೇನೋ.”

ಏನಾಸೆ ಎಂದು ಕೇಳಿದರೆ ಕೋಲಿನ ನೀರು ಒರೆಸುತ್ತಾ ಹೇಳುತ್ತಾರೆ:

“ಈ ಮಕ್ಕಳಲ್ಲಿ ಒಬ್ಬರಾದ್ರೂ ಮುಂದೆ ಮನೆ ಕಟ್ಟೋವಾಗ, ಈ ಮರಳು ಎಲ್ಲಿಂದ ತಂದ್ರಿ ಅಂತ ಕೇಳಿದ್ರೆ ಸಾಕು. ಇಪ್ಪತ್ತು ವರ್ಷದಲ್ಲಿ ನನ್ನನ್ನ ಯಾರೂ ಕೇಳ್ಲಿಲ್ಲ.”